ಕಚೇರಿಯೊಳಗೆ ಸೀಟು, ಮಹಡಿ, ಕಟ್ಟಡ ಬದಲಿಸುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಅಡ್ಮಿನ್ ಮತ್ತು ಫೆಸಿಲಿಟೀಸ್ ಕೆಲಸ ನೋಡಿಕೊಳ್ಳುತ್ತ ನನಗೆ 16 ವರ್ಷವಾಯಿತು. ವರ್ಷಕ್ಕೆ ಎರಡು ಮೂರು ಸಲವಾದರೂ ಯಾವುದಾದರೊಂದು ತಂಡ ಒಂದು ಮಹಡಿಯಿಂದ ಇನ್ನೊಂದಕ್ಕೋ, ಪಕ್ಕದ ಕಟ್ಟಡಕ್ಕೋ ಹೋಗುತ್ತದೆ. ಈ ಕೆಲಸ ಮೊದಲ ಸಲ ಹೆಗಲಿಗೆ ಬಿದ್ದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನೂರಿನ್ನೂರು ಜನರ ಮೂವ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿದು. ಸಣ್ಣ ಕಚೇರಿಯವರಿಗೆ ಮುಂದೆ ಬೇರೆ ಉತ್ತರವಿದೆ.

ನಾಲ್ಕನೇ ಮಹಡಿಯಿಂದ ಆರನೇ ಮಹಡಿಗೆ ಹೋಗುವುದಕ್ಕೂ ಯೋಜನೆ ಬೇಕೇ?

ಬೇಕು. ಮನೆ ಬದಲಿಸಿದ ದಿನ ಒಲೆ ಹತ್ತದಿದ್ದರೆ ಹತ್ತಿರದ ದರ್ಶಿನಿಯಿಂದ ಇಡ್ಲಿ ಕಟ್ಟಿಸಿಕೊಂಡು ಬರಬಹುದು. ಸೋಮವಾರ ಬೆಳಿಗ್ಗೆ 120 ಜನ ಬಂದು ಕೂತಾಗ ನೆಟ್‌ವರ್ಕ್ ಸಿಗದಿದ್ದರೆ ಅಂಥ ಯಾವ ಉಪಾಯವೂ ಇಲ್ಲ. ಒಂದು ಸೀಟಿಗೆ ಏನೇನು ಅಂಟಿಕೊಂಡಿದೆ ನೋಡಿ: ನೆಟ್‌ವರ್ಕ್ ಪೋರ್ಟ್ (ಕೇಬಲ್ ಚುಚ್ಚುವ ಜಾಗ), ಯುಪಿಎಸ್ ಲೈನ್ (ಕರೆಂಟ್ ಹೋದರೂ ನಡೆಯುವ ಲೈನ್), ಆ ಮಹಡಿಯ ಬಾಗಿಲಿಗೆ ಬ್ಯಾಡ್ಜ್ ಆಕ್ಸೆಸ್, ಪೆಡಸ್ಟಲ್ (ಮೇಜಿನ ಕೆಳಗಿನ ಡ್ರಾಯರ್ ಪೆಟ್ಟಿಗೆ) ಬೀಗದ ಕೈ, ಡೆಸ್ಕ್ ಫೋನಿನ ಎಕ್ಸ್‌ಟೆನ್ಷನ್, ಫೈರ್ ವಾರ್ಡನ್ (ಬೆಂಕಿ ಬಿದ್ದಾಗ ಮಹಡಿಯ ಜನರನ್ನು ಹೊರಗೆ ಕಳಿಸುವವರು) ಬಳಿ ಇರುವ ಪಟ್ಟಿಯಲ್ಲಿ ಆ ವ್ಯಕ್ತಿಯ ಹೆಸರು. ಮೇಜು ಸಾಗಿಸುವುದು ಸುಲಭ. ಇವೆಲ್ಲ ಮೇಜಿನ ಜೊತೆಗೆ ಅದೇ ಹೊತ್ತಿಗೆ ಹೋಗಿ ಸೇರಬೇಕಾದದ್ದೇ ಕಷ್ಟ.

ಎಷ್ಟು ಮೊದಲು ಶುರು ಮಾಡಬೇಕು?

ಒಂದೇ ಕಟ್ಟಡದೊಳಗೆ ನೂರು ಜನರಾದರೆ 4ರಿಂದ 6 ವಾರ. ಐದಾರು ಜನರ ಸೀಟು ಬದಲಾವಣೆಗೆ ಒಂದು ವಾರ ಸಾಕು. ಬೇರೆ ಕಟ್ಟಡವಾದರೆ ಮೂರು ತಿಂಗಳು ಕೇಳಿ ಪಡೆದುಕೊಳ್ಳಿ. ಹೊಸ ವಿಳಾಸಕ್ಕೆ ಇಂಟರ್ನೆಟ್ ಲೀಸ್ಡ್ ಲೈನ್ (ಕಚೇರಿಗೆಂದೇ ಮೀಸಲಾದ ಲೈನ್) ಎಳೆಸುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ, ರಸ್ತೆ ಅಗೆಯಬೇಕಾಗಿ ಬಂದರೆ ಇನ್ನೂ ಹೆಚ್ಚು.

ಮೂವ್ ಲಿಸ್ಟ್ ಎಂದರೇನು? ಅದರಲ್ಲಿ ಏನೇನಿರಬೇಕು?

ಯಾರು, ಎಲ್ಲಿಂದ, ಎಲ್ಲಿಗೆ, ಯಾವಾಗ, ಏನನ್ನು ತೆಗೆದುಕೊಂಡು ಹೋಗುತ್ತಾರೆ ಎಂಬ ಒಂದೇ ಒಂದು ಪಟ್ಟಿ. ಈ ಕೆಲಸದ ಜೀವವೇ ಅದು. ಪಟ್ಟಿ ಸರಿಯಿದ್ದರೆ ಲಿಫ್ಟ್ ಕೆಟ್ಟರೂ ಮೂವ್ ಮುಗಿಯುತ್ತದೆ, ಪಟ್ಟಿ ತಪ್ಪಿದ್ದರೆ ಎಷ್ಟು ಜನ ಕೆಲಸಕ್ಕೆ ನಿಂತರೂ ಮುಗಿಯುವುದಿಲ್ಲ.

ಒಬ್ಬರಿಗೆ ಒಂದು ಸಾಲು. ಆ ಸಾಲಿನಲ್ಲಿ ಉದ್ಯೋಗಿ ಸಂಖ್ಯೆ, ಹೆಸರು, ತಂಡ, ಹಳೆಯ ಸೀಟು ಸಂಖ್ಯೆ, ಹೊಸ ಸೀಟು ಸಂಖ್ಯೆ, ಹೊಸ ಸೀಟಿನ ಪೋರ್ಟ್ ಸಂಖ್ಯೆ, ಮಾನಿಟರ್ ಎಷ್ಟು, ಡಾಕಿಂಗ್ ಸ್ಟೇಷನ್ ಇದೆಯೇ, ಡೆಸ್ಕ್‌ಟಾಪ್ ಇದ್ದರೆ ಅಸೆಟ್ ಟ್ಯಾಗ್ (ಯಂತ್ರದ ಮೇಲಿನ ಕಂಪನಿಯ ಗುರುತು ಸಂಖ್ಯೆ), ಎಷ್ಟು ಕ್ರೇಟು, ವಿಶೇಷ ಕುರ್ಚಿಯೋ ಮೇಜೋ ಇದೆಯೇ, ಯಾವ ಪಾಳಿ. ಕೊನೆಯ ಕಾಲಂ ಷರಾ. ಅದನ್ನು ಖಾಲಿ ಬಿಡಬೇಡಿ ಎಂದು ನಾನು ಪ್ರತಿ ತಂಡದ ಮ್ಯಾನೇಜರಿಗೂ ಹೇಳುತ್ತೇನೆ. ‘ಎರಡು ವಾರ ರಜೆಯಲ್ಲಿದ್ದಾರೆ’, ‘ಎಡಗೈ ಮೌಸ್’, ‘ಮೇಜಿನ ಮೇಲೆ ಟೆಸ್ಟ್ ಬೋರ್ಡ್ ಇದೆ, ಐಟಿಯವರೇ ಮುಟ್ಟಬೇಕು’ ಎಂಬಂಥ ಮಾತುಗಳು ಬೇರೆ ಯಾವ ಕಾಲಮ್ಮಿನಲ್ಲೂ ಹಿಡಿಸುವುದಿಲ್ಲ.

ಉದ್ಯೋಗಿ ಸಂಖ್ಯೆ ಯಾಕೆ ಮೊದಲು ಬರಬೇಕು ಎಂಬುದನ್ನು ನಾನು ನೋವಿನಿಂದ ಕಲಿತೆ. ಮೊದಲ ವರ್ಷಗಳಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿಯೊಂದರಲ್ಲಿ ಬರೀ ಹೆಸರಿನ ಪಟ್ಟಿ ಮಾಡಿದ್ದೆವು. ಒಂದೇ ಮಹಡಿಯಲ್ಲಿ ಮಂಜುನಾಥ ಎಸ್. ಎಂಬುವರು ಇಬ್ಬರಿದ್ದರು. ಒಬ್ಬರು ಪೇರೋಲ್, ಇನ್ನೊಬ್ಬರು ಟೆಸ್ಟಿಂಗ್. ಇಬ್ಬರ ಡೆಸ್ಕ್‌ಟಾಪ್‌ಗಳೂ ಅದಲುಬದಲಾಗಿ ಹೋದವು. ಅದು ತಿಂಗಳ 28ನೇ ತಾರೀಖು, ಸಂಬಳದ ಫೈಲು ಬ್ಯಾಂಕಿಗೆ ಹೋಗಬೇಕಾದ ದಿನ. ಮಧ್ಯಾಹ್ನ ಎರಡರವರೆಗೆ ಪೇರೋಲ್ ಮಂಜುನಾಥರು ಯಾರದೋ ಯಂತ್ರದ ಮುಂದೆ ಪಾಸ್‌ವರ್ಡ್ ಹೊಡೆಯುತ್ತ ಕೂತಿದ್ದರು. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಪಟ್ಟಿ ಯಾರ ಕೈಯಲ್ಲಿರಬೇಕು?

ಒಬ್ಬರ ಕೈಯಲ್ಲಿ. ಎಲ್ಲರೂ ನೋಡಬಹುದು, ತಿದ್ದುವವರು ಒಬ್ಬರೇ. ಪ್ರತಿ ತಂಡದಿಂದ ಒಬ್ಬ ಮೂವ್ ಪ್ರತಿನಿಧಿಯನ್ನು ಹೆಸರಿಸಿಕೊಳ್ಳಿ. ಬದಲಾವಣೆ ಏನಿದ್ದರೂ ಅವರ ಮೂಲಕ ಬರಲಿ. ಮ್ಯಾನೇಜರೇ ಪ್ರತಿನಿಧಿಯಾದರೆ ಉತ್ತರ ತಡವಾಗುತ್ತದೆ ಎಂಬುದು ನನ್ನ ಅನುಭವ. ತಂಡದಲ್ಲಿ ಎಲ್ಲರ ಜೊತೆ ಮಾತಾಡಿಕೊಂಡಿರುವ, ಯಾರ ಟೀ ಕಪ್ಪು ಯಾವುದು ಎಂದು ಗೊತ್ತಿರುವ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಹಿಡಿಯಿರಿ.

ಪಟ್ಟಿಯನ್ನು ಯಾವಾಗ ಫ್ರೀಜ್ ಮಾಡಬೇಕು, ಅಂದರೆ ಇನ್ನು ತಿದ್ದುವುದಿಲ್ಲ ಎಂದು ನಿಲ್ಲಿಸಬೇಕು?

ಶುಕ್ರವಾರ ಸಂಜೆ ಮೂವ್ ಇದ್ದರೆ ಅದರ ಹಿಂದಿನ ವಾರದ ಶುಕ್ರವಾರ. ಆಮೇಲೆ ಬರುವ ಕೋರಿಕೆಗಳಿಗೆ ನನ್ನ ಉತ್ತರ ಒಂದೇ: ಈಗ ಪಟ್ಟಿಯಲ್ಲಿರುವಂತೆ ಹೋಗೋಣ, ಮೂವ್ ಮುಗಿದ ಮೇಲಿನ ಬುಧವಾರ ಬದಲಿಸಿಕೊಡುತ್ತೇನೆ. ಹಾಗೆ ಹೇಳಿದ ಮೇಲೆ ಬುಧವಾರ ನಿಜಕ್ಕೂ ಬದಲಿಸಿಕೊಡಬೇಕು. ಒಂದು ಸಲ ಮಾತು ತಪ್ಪಿದರೆ ಮುಂದಿನ ಮೂವ್‌ನಲ್ಲಿ ಫ್ರೀಜ್ ಎಂಬ ಪದಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಫ್ರೀಜ್ ಆದ ಮೇಲೆ ಒಪ್ಪಲೇಬೇಕಾದ ಬದಲಾವಣೆಗಳು ಎರಡೇ: ಆರೋಗ್ಯದ ಕಾರಣ, ಮತ್ತು ಕೆಲಸ ಬಿಟ್ಟವರು ಅಥವಾ ಹೊಸದಾಗಿ ಸೇರಿದವರು.

ಯಾರು ಎಲ್ಲಿ ಕೂರಬೇಕೆಂದು ನಾವು ನಿರ್ಧರಿಸಬೇಕೇ, ತಂಡದವರೇ?

ಯಾವ ತಂಡ ಯಾವ ಬೇಯಲ್ಲಿ (ಮಹಡಿಯಲ್ಲಿ ಒಟ್ಟಿಗಿರುವ ಸೀಟುಗಳ ಗುಂಪು) ಎಂಬುದು ನಿಮ್ಮ ನಿರ್ಧಾರ. ಬೇಯೊಳಗೆ ಯಾರು ಯಾವ ಕುರ್ಚಿ ಎಂಬುದನ್ನು ತಂಡಕ್ಕೇ ಬಿಡಿ. ತಂಡಗಳನ್ನು ಇಡುವಾಗ ದಿನವಿಡೀ ಫೋನಿನಲ್ಲಿ ಮಾತಾಡುವವರನ್ನು (ಸೇಲ್ಸ್, ಸಪೋರ್ಟ್) ಕೋಡ್ ಬರೆಯುವವರ ಬೆನ್ನಿಗೆ ಕೂರಿಸಬೇಡಿ. ಎಚ್‌ಆರ್ ಮತ್ತು ಪೇರೋಲ್‌ನವರ ಸ್ಕ್ರೀನು ಓಡಾಡುವ ದಾರಿಗೆ ಕಾಣದಂತಿರಲಿ. ಪ್ಯಾಂಟ್ರಿ ಪಕ್ಕದ ಸಾಲು ಮತ್ತು ಎಸಿ ಡಕ್ಟಿನ ನೇರ ಕೆಳಗಿನ ಸೀಟು ಯಾರಿಗೂ ಬೇಡವಾದವು. ಅವು ಬಂದವರಿಗೆ ಮುಂದಿನ ಬದಲಾವಣೆಯಲ್ಲಿ ಮೊದಲ ಆಯ್ಕೆ ಎಂದು ಬರೆದು ಕೊಡಿ.

ಕಿಟಕಿ ಪಕ್ಕದ ಸೀಟಿಗಾಗಿ ನಡೆಯುವ ಜಗಳವನ್ನು ಹಗುರವಾಗಿ ಕಾಣಬೇಡಿ. ದಿನಕ್ಕೆ ಒಂಬತ್ತು ಗಂಟೆ ಕೂರುವ ಜಾಗ ಅದು. ಚೀಟಿ ಎತ್ತಿಸಿ, ಎಲ್ಲರ ಮುಂದೆ ಎತ್ತಿಸಿ. ಹುದ್ದೆಯ ಆಧಾರದ ಮೇಲೆ ಕಿಟಕಿ ಹಂಚಿದ ಮಹಡಿಗಳಿಗಿಂತ ಚೀಟಿ ಎತ್ತಿದ ಮಹಡಿಗಳಲ್ಲಿ ದೂರು ಕಡಿಮೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ವಾರದಲ್ಲಿ ಮೂರು ದಿನ ಮಾತ್ರ ಬರುವವರಿಗೂ ತಲಾ ಒಂದು ಸೀಟು ಬೇಕೇ?

ಬೇಕಾಗಿಲ್ಲ, ಆದರೆ ಲೆಕ್ಕ ಹಾಕುವಾಗ ಸರಾಸರಿ ಹಾಜರಿಯನ್ನು ನಂಬಬೇಡಿ. ಬ್ಯಾಡ್ಜ್ ದಾಖಲೆಯಿಂದ ಹಿಂದಿನ ಎಂಟು ವಾರಗಳ ಹಾಜರಿ ತೆಗೆಸಿ, ಅತಿ ಹೆಚ್ಚು ಜನ ಬಂದ ದಿನ ಯಾವುದೆಂದು ನೋಡಿ. ಸರಾಸರಿ 70 ಇದ್ದು ಮಂಗಳವಾರ 105 ಜನ ಬರುತ್ತಾರಾದರೆ ನಿಮಗೆ ಬೇಕಾದದ್ದು 105 ಸೀಟು, ಇಲ್ಲವೇ ತಂಡಗಳ ದಿನಗಳನ್ನು ಬೇರೆ ಬೇರೆ ಮಾಡುವ ಒಪ್ಪಂದ. ಸೀಟು ಹಂಚಿಕೊಳ್ಳುವವರಿಗೆ ಬೀಗವಿರುವ ಲಾಕರ್ ಖಂಡಿತ ಕೊಡಿ. ಟಿಫನ್ ಬ್ಯಾಗು, ಛತ್ರಿ, ಸ್ವೆಟರ್ ಇಡಲು ಜಾಗವಿಲ್ಲದ ಮನುಷ್ಯನಿಗೆ ಆ ಕಚೇರಿ ತನ್ನದು ಅನ್ನಿಸುವುದಿಲ್ಲ.

ಇನ್ನೊಂದು ಕಡೆಯಿಂದಲೂ ಲೆಕ್ಕ ನೋಡಬೇಕು. ಕಚೇರಿ ಕಟ್ಟಡಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಹಾಕಿಕೊಳ್ಳುವುದು ತಲಾ 10 ಚದರ ಮೀಟರ್. ಬೆಂಕಿ ಬಿದ್ದಾಗ ಎಷ್ಟು ಜನ ಹೊರಗೆ ಹೋಗಬೇಕು, ಮೆಟ್ಟಿಲು ಬಾಗಿಲುಗಳು ಎಷ್ಟು ಅಗಲವಿರಬೇಕು ಎಂದು ಕಟ್ಟಡ ಕಟ್ಟುವಾಗಲೇ ತೀರ್ಮಾನವಾಗುವುದು ಈ ಅಂಕಿಯಿಂದ. 1,000 ಚದರ ಮೀಟರಿನ ಮಹಡಿಗೆ ಅದು 100 ಜನ. ಮೇಜುಗಳನ್ನು ಒತ್ತೊತ್ತಾಗಿಟ್ಟು ಸೀಟು ಹೆಚ್ಚಿಸುವ ಯೋಚನೆ ಬಂದಾಗ ಕಟ್ಟಡದ ಫೈರ್ ಸೇಫ್ಟಿ ನೋಡುವವರನ್ನು ಕೇಳದೆ ಮುಂದೆ ಹೋಗಬೇಡಿ.

ಎರಡು ತಂಡ ಪರಸ್ಪರ ಜಾಗ ಬದಲಿಸಬೇಕು, ಒಂದೂ ಸೀಟು ಖಾಲಿ ಇಲ್ಲ. ಏನು ಮಾಡುವುದು?

ಜಾತ್ರೆಯಲ್ಲಿ ಸಿಗುತ್ತಿದ್ದ ಅಂಕಿ ಸರಿಸುವ ಪ್ಲಾಸ್ಟಿಕ್ ಆಟಿಕೆ ನೆನಪಿದೆಯೇ? 16 ಖಾನೆ, 15 ಬಿಲ್ಲೆ. ಆ ಒಂದು ಖಾಲಿ ಖಾನೆ ಇಲ್ಲದಿದ್ದರೆ ಆಟವೇ ನಡೆಯುವುದಿಲ್ಲ. ಇಲ್ಲೂ ಹಾಗೆಯೇ, ಮೊದಲು ಖಾಲಿ ಜಾಗ ಹುಟ್ಟಿಸಿಕೊಳ್ಳಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನಾಲ್ಕನೇ ಮಹಡಿಯಲ್ಲಿ 24 ಜನರ ಫೈನಾನ್ಸ್, ಆರನೆಯದರಲ್ಲಿ 24 ಜನರ ಸಪೋರ್ಟ್, ಐದರಲ್ಲಿ 20 ಜನ ಹಿಡಿಸುವ ಟ್ರೈನಿಂಗ್ ರೂಮು. ಸಪೋರ್ಟ್‌ನವರು ಒಂದು ಗಂಟೆಯೂ ಕೆಲಸ ನಿಲ್ಲಿಸುವಂತಿಲ್ಲ, ಫೈನಾನ್ಸ್‌ನವರು ತಿಂಗಳ ಕೊನೆಯ ವಾರ ಬಿಟ್ಟು ಯಾವಾಗಲಾದರೂ ಎರಡು ದಿನ ಮನೆಯಿಂದ ಕೆಲಸ ಮಾಡಬಲ್ಲರು. ಗುರುವಾರ ಸಂಜೆ ಫೈನಾನ್ಸ್‌ನವರು ಕ್ರೇಟು ತುಂಬಿ ಮನೆಗೆ ಹೋಗುತ್ತಾರೆ, ಅವರ ಕ್ರೇಟುಗಳು ಟ್ರೈನಿಂಗ್ ರೂಮಿಗೆ. ಶುಕ್ರವಾರ ಹಗಲು ನಾಲ್ಕನೇ ಮಹಡಿ ಸ್ವಚ್ಛವಾಗಿ, ಪೋರ್ಟುಗಳ ಪರೀಕ್ಷೆ ಮುಗಿಯುತ್ತದೆ. ಶುಕ್ರವಾರ ರಾತ್ರಿ ಸಪೋರ್ಟ್‌ನ ಮೊದಲ 12 ಜನ ಇಳಿದು ಬರುತ್ತಾರೆ, ಉಳಿದ 12 ಜನ ಕರೆ ತೆಗೆದುಕೊಳ್ಳುತ್ತಿರುತ್ತಾರೆ. ಅವರು ಇಳಿಯುವುದು ಶನಿವಾರ ಬೆಳಿಗ್ಗೆ, ಮೊದಲ ಗುಂಪು ಕರೆ ಹಿಡಿದ ಮೇಲೆ. ಶನಿವಾರ ಮಧ್ಯಾಹ್ನ ಆರನೇ ಮಹಡಿ ಸ್ವಚ್ಛ, ಭಾನುವಾರ ಫೈನಾನ್ಸ್‌ನ ಕ್ರೇಟು ಮೇಲಕ್ಕೆ, ಸೋಮವಾರ ಅವರು ಹೊಸ ಜಾಗದಲ್ಲಿ.

ಮೂರು ನಾಲ್ಕು ತಂಡಗಳಿದ್ದಾಗ ಗೋಡೆಗೆ ಫ್ಲೋರ್ ಪ್ಲಾನ್ ಅಂಟಿಸಿ ಬಾಣ ಎಳೆಯಿರಿ. ಬಾಣಗಳು ಸುತ್ತಿ ಬಂದು ಮೊದಲ ಜಾಗಕ್ಕೇ ಸೇರಿದರೆ ಅಲ್ಲೊಂದು ಸಿಕ್ಕು ಇದೆ ಎಂದರ್ಥ, ಅದನ್ನು ಬಿಡಿಸಲು ಖಾಲಿ ಜಾಗ ಬೇಕೇ ಬೇಕು.

ಉದ್ಯೋಗಿಗಳಿಗೆ ಯಾವಾಗ ತಿಳಿಸಬೇಕು?

ನಿರ್ಧಾರವಾದ ವಾರವೇ. ‘ಇನ್ನೂ ಪಕ್ಕಾ ಆಗಿಲ್ಲ, ಸುಮ್ಮನೆ ಗಾಬರಿ ಬೇಡ’ ಎಂದು ಮುಚ್ಚಿಟ್ಟರೆ ಹೌಸ್‌ಕೀಪಿಂಗ್‌ನವರ ಬಾಯಿಂದಲೋ, ಅಳತೆ ತೆಗೆಯಲು ಬಂದ ಬಡಗಿಯಿಂದಲೋ ಸುದ್ದಿ ಹೋಗುತ್ತದೆ. ಹಾಗೆ ಹೋದ ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿ ‘ತಂಡ ಮುಚ್ಚುತ್ತಾರಂತೆ’ ಎಂಬಲ್ಲಿಗೆ ತಲುಪುತ್ತದೆ. ಗೊತ್ತಿರುವಷ್ಟನ್ನು ಹೇಳಿ, ಗೊತ್ತಿಲ್ಲದ್ದು ಯಾವತ್ತು ಗೊತ್ತಾಗುತ್ತದೆ ಎಂಬ ದಿನಾಂಕ ಕೊಡಿ.

ಆಮೇಲೆ ಎರಡು ವಾರ ಮೊದಲು ಹೊಸ ಸೀಟು ಸಂಖ್ಯೆ ಮತ್ತು ನಕ್ಷೆ. ಮೂರು ದಿನ ಮೊದಲು ಕ್ರೇಟು ಮತ್ತು ಲೇಬಲ್ ಕೈಗೆ. ಹಿಂದಿನ ದಿನ ಒಂದು ಸಣ್ಣ ಸಂದೇಶ: ಎಷ್ಟು ಗಂಟೆಗೆ ಮೇಜು ಖಾಲಿಯಾಗಬೇಕು, ಸೋಮವಾರ ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಉದ್ದದ ಇಮೇಲ್ ಯಾರೂ ಓದುವುದಿಲ್ಲ. ಸಾಧ್ಯವಾದರೆ ಹೊಸ ಮಹಡಿಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಶೌಚಾಲಯ ಎಲ್ಲಿ, ಕುಡಿಯುವ ನೀರು ಎಲ್ಲಿ, ತುರ್ತು ಮೆಟ್ಟಿಲು ಎಲ್ಲಿ ಎಂದು ಕಣ್ಣಾರೆ ಕಂಡವರ ಅರ್ಧ ಆತಂಕ ಅಲ್ಲೇ ಇಳಿದಿರುತ್ತದೆ.

ರಜೆಯಲ್ಲಿರುವವರ ಸಾಮಾನು?

ಇದನ್ನು ಯಾರೂ ಪದೇ ಪದೇ ಕೇಳುವುದಿಲ್ಲ, ಕೇಳಬೇಕು. ಹೆರಿಗೆ ರಜೆ ಕಾನೂನಿನ ಪ್ರಕಾರ 26 ವಾರದವರೆಗೆ. ಆರು ತಿಂಗಳಲ್ಲಿ ಮಹಡಿಯೇ ಬದಲಾಗಿರಬಹುದು. ಒಂದು ಕಚೇರಿಯಲ್ಲಿ ಹೀಗೇ ರಜೆ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಮೇಜಿನ ಬಳಿ ಹೋಗಿ ನಿಂತರು. ಅಲ್ಲಿ ಬೇರೆ ಯಾರೋ ಕೂತಿದ್ದರು. ಅವರ ಪೆಟ್ಟಿಗೆ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ಹುಡುಕಿದ ಮೇಲೆ ಸ್ಟೋರ್ ರೂಮಿನಲ್ಲಿ, ಹಳೆಯ ಕೀಬೋರ್ಡುಗಳ ಕೆಳಗೆ ಸಿಕ್ಕಿತು. ಒಳಗೆ ಒಂದು ಸ್ಟೀಲ್ ಲೋಟ, ಕೈಬರಹದ ನೋಟುಬುಕ್ಕು, ಅಪ್ಪನ ಫೋಟೋ. ಫೋಟೋದ ಗಾಜು ಒಡೆದಿತ್ತು. ಅವರ ಹೆಸರು ನಮ್ಮ ಪಟ್ಟಿಯಲ್ಲಿರಲಿಲ್ಲ. ಆ ತಿಂಗಳ ಹಾಜರಿಯಿಂದ ಪಟ್ಟಿ ತಯಾರಿಸಿದ್ದೆವು, ತಪ್ಪು ಅಲ್ಲೇ ಆಗಿತ್ತು.

ಅಂದಿನಿಂದ ನಾನು ಪಟ್ಟಿಯನ್ನು ಎಚ್‌ಆರ್ ದಾಖಲೆಯಿಂದ ಶುರು ಮಾಡುತ್ತೇನೆ. ರಜೆಯಲ್ಲಿರುವವರಿಗೆ ನಾನೇ ಫೋನ್ ಮಾಡಿ, ಅವರು ಹೇಳಿದ ಸಹೋದ್ಯೋಗಿಯ ಎದುರು ಪೆಟ್ಟಿಗೆ ತುಂಬಿಸಿ, ಫೋಟೋ ತೆಗೆದು ಕಳಿಸುತ್ತೇನೆ. ವಾಪಸು ಬರುವ ದಿನ ಆ ಪೆಟ್ಟಿಗೆ ಹೊಸ ಮೇಜಿನ ಮೇಲಿರಬೇಕು.

ಕ್ರೇಟು, ಲೇಬಲ್ ಹೇಗಿರಬೇಕು?

ರಟ್ಟಿನ ಪೆಟ್ಟಿಗೆಗಿಂತ ಮುಚ್ಚಳವಿರುವ ಪ್ಲಾಸ್ಟಿಕ್ ಕ್ರೇಟು ಬಾಡಿಗೆಗೆ ತನ್ನಿ. ಒಂದರ ಮೇಲೊಂದು ಇಟ್ಟರೂ ಕುಸಿಯುವುದಿಲ್ಲ, ಟೇಪು ಬೇಡ, ಮಳೆಗಾಲದಲ್ಲಿ ನೆನೆಯುವುದಿಲ್ಲ. ತಲಾ ಒಂದು, ಕಡತ ಇಟ್ಟುಕೊಳ್ಳುವವರಿಗೆ ಎರಡು ಮೂರು.

ಲೇಬಲ್ಲಿನಲ್ಲಿ ದೊಡ್ಡ ಅಕ್ಷರದಲ್ಲಿ ಹೊಸ ಸೀಟು ಸಂಖ್ಯೆ, ಕೆಳಗೆ ಹೆಸರು ಮತ್ತು ಉದ್ಯೋಗಿ ಸಂಖ್ಯೆ, ಮೂಲೆಯಲ್ಲಿ ‘2ರಲ್ಲಿ 1’ ಎಂಬಂತೆ ಎಣಿಕೆ. ಹಳೆಯ ಸೀಟು ಸಂಖ್ಯೆ ಬರೆಯಬೇಡಿ, ಹೊರುವವರಿಗೆ ಗೊಂದಲವಾಗುತ್ತದೆ. ಮಹಡಿಯ ಪ್ರತಿ ಭಾಗಕ್ಕೂ ಒಂದು ಬಣ್ಣ ಕೊಟ್ಟು, ಅದೇ ಬಣ್ಣದ ಕಾಗದವನ್ನು ಆ ಭಾಗದ ಕಂಬಗಳಿಗೂ ಅಂಟಿಸಿ. ಲಿಫ್ಟಿನಿಂದ ಹೊರಬಂದವರು ಓದುವ ಮೊದಲೇ ನೀಲಿ ಎಡಕ್ಕೆ, ಹಳದಿ ಬಲಕ್ಕೆ ಎಂದು ತಿರುಗುತ್ತಾರೆ. ಸಾಮಾನು ಹೊರಲು ಬರುವವರು ಕನ್ನಡ, ಹಿಂದಿ, ಒಡಿಯಾ, ಬಂಗಾಳಿ ಮಾತಾಡುವವರು, ಇಂಗ್ಲಿಷ್ ಓದು ಎಲ್ಲರಿಗೂ ಬರುವುದಿಲ್ಲ. ಬಣ್ಣ, ಅಂಕಿ ಎಲ್ಲರಿಗೂ ಬರುತ್ತದೆ. ಲೇಬಲ್ ಅಂಟಿಸಬೇಕಾದದ್ದು ಕ್ರೇಟಿನ ಪಕ್ಕಕ್ಕೆ. ಮುಚ್ಚಳದ ಮೇಲೆ ಅಂಟಿಸಿದರೆ ಪೇರಿಸಿಟ್ಟಾಗ ಮೇಲಿನದೊಂದು ಬಿಟ್ಟು ಯಾವುದೂ ಕಾಣುವುದಿಲ್ಲ.

ಕುರ್ಚಿಗೂ ಲೇಬಲ್ ಹಾಕಿ. ಬೆನ್ನಿಗೆ ಹೊಂದಿಸಿಕೊಂಡ ಕುರ್ಚಿ ಕಳೆದುಕೊಂಡವರ ಬೇಸರ ತಿಂಗಳುಗಟ್ಟಲೆ ಹೋಗುವುದಿಲ್ಲ. ಹಣ, ಒಡವೆ, ಪಾಸ್‌ಪೋರ್ಟ್, ಔಷಧಿ ಕ್ರೇಟಿಗೆ ಬೇಡ, ಮನೆಗೇ ಹೋಗಲಿ. ಲ್ಯಾಪ್‌ಟಾಪೂ ಅವರ ಬ್ಯಾಗಿನಲ್ಲೇ ಹೋಗಲಿ. ಮೇಜಿನ ಮೇಲಿನ ಪುಟ್ಟ ಗಣಪತಿಯನ್ನೂ, ಮನಿಪ್ಲಾಂಟನ್ನೂ ಅವರೇ ಕೈಯಾರೆ ಒಯ್ಯಲು ಬಿಡಿ.

ಐಟಿ ತಂಡದ ಕೆಲಸ ಎಲ್ಲಿಂದ ಶುರುವಾಗುತ್ತದೆ?

ಹೊಸ ಜಾಗದಿಂದ. ಮೂವ್‌ಗೆ ಒಂದು ವಾರ ಮೊದಲೇ ಪ್ರತಿ ಸೀಟಿನ ಪೋರ್ಟಿಗೂ ಒಂದು ಲ್ಯಾಪ್‌ಟಾಪ್ ಚುಚ್ಚಿ ನೋಡಿ, ಸರಿಯಿದ್ದರೆ ಪಟ್ಟಿಯಲ್ಲಿ ಗುರುತು ಹಾಕಬೇಕು. ‘ಮಾದರಿಗೆ ಹತ್ತು ನೋಡಿದೆವು’ ಎಂದರೆ ಒಪ್ಪಬೇಡಿ. ತಾಮ್ರದ ಎತರ್‌ನೆಟ್ ಕೇಬಲ್ಲಿಗೆ ಒಟ್ಟು 100 ಮೀಟರಿನ ಮಿತಿ ಇದೆ, ಗೋಡೆಯೊಳಗೆ ಹೋಗುವ ಭಾಗಕ್ಕೆ 90. ಹಬ್ ರೂಮು (ಮಹಡಿಯ ಕೇಬಲ್ಲುಗಳೆಲ್ಲ ಬಂದು ಸೇರುವ ಕೋಣೆ) ಮಹಡಿಯ ಒಂದು ತುದಿಯಲ್ಲಿದ್ದು ಇನ್ನೊಂದು ತುದಿಯಲ್ಲಿ ಹೊಸ ಬೇ ಹಾಕಿದ್ದರೆ ಈ ಮಿತಿ ದಾಟಿರುವ ಸಾಧ್ಯತೆ ಉಂಟು. ಆಗ ಒಂದೊಂದು ಸಲ ಕನೆಕ್ಷನ್ ಬರುತ್ತದೆ, ಒಂದೊಂದು ಸಲ ಹೋಗುತ್ತದೆ, ಕಾರಣ ಹುಡುಕುವುದರಲ್ಲಿ ವಾರ ಕಳೆಯುತ್ತದೆ.

ಡೆಸ್ಕ್‌ಟಾಪ್ ಬಿಚ್ಚುವ ಮುಂಚೆ ಹಿಂಬದಿಯ ಫೋಟೋ ತೆಗೆಯಲಿ. ಆ ಯಂತ್ರದ ಕೇಬಲ್ಲುಗಳನ್ನು ಒಂದು ಜಿಪ್ ಚೀಲದಲ್ಲಿ ಹಾಕಿ, ಅದಕ್ಕೂ ಸೀಟು ಸಂಖ್ಯೆ ಬರೆದು, ಯಂತ್ರಕ್ಕೇ ಕಟ್ಟಲಿ. ಎಲ್ಲರ ಪವರ್ ಕೇಬಲ್ಲನ್ನೂ ಒಂದೇ ಡಬ್ಬಕ್ಕೆ ಸುರಿದರೆ ಭಾನುವಾರ ರಾತ್ರಿ ಹನ್ನೊಂದಕ್ಕೆ ಅದರ ಮುಂದೆ ಕೂತು ಸಿಕ್ಕು ಬಿಡಿಸಬೇಕಾಗುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್ ಲೈನಿಗೆ ಹಾಕಬಾರದು. ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಇಡೀ ಸಾಲು ಟ್ರಿಪ್ ಆಗಬಹುದು. ಬ್ಯಾಡ್ಜ್ ಆಕ್ಸೆಸ್ ಬದಲಾವಣೆಯೂ ಅದೇ ಪಟ್ಟಿಯಿಂದಲೇ ಹೋಗಲಿ, ಬೇರೆ ಪಟ್ಟಿ ಮಾಡಿಸಬೇಡಿ.

ಮೂವ್‌ಗೆ ಯಾವ ದಿನ ಒಳ್ಳೆಯದು?

ಶುಕ್ರವಾರ ಸಂಜೆ ಆರಕ್ಕೆ ಶುರುವಾಗಿ ಭಾನುವಾರ ಮಧ್ಯಾಹ್ನಕ್ಕೆ ಮುಗಿಯುವಂತೆ ಇಟ್ಟುಕೊಳ್ಳಿ, ಭಾನುವಾರ ಸಂಜೆ ಪರೀಕ್ಷೆಗೆ ಇರಲಿ. ವಾರಾಂತ್ಯದಲ್ಲಿ ಬಹಳಷ್ಟು ಟೆಕ್ ಪಾರ್ಕುಗಳಲ್ಲಿ ಎಸಿ ಆಫ್ ಆಗಿರುತ್ತದೆ. ಕಟ್ಟಡದವರಿಗೆ ಮೊದಲೇ ಬರೆದು, ಹೆಚ್ಚುವರಿ ಗಂಟೆಗಳ ಹಣ ಕಟ್ಟಿ ಹಾಕಿಸಬೇಕು. ಸರ್ವಿಸ್ ಲಿಫ್ಟನ್ನೂ ಹಾಗೆಯೇ ಬುಕ್ ಮಾಡಿ. ಅದರ ಬಾಗಿಲಿನ ಅಗಲ ಎತ್ತರ ಅಳೆಯಿರಿ, ನಿಮ್ಮ ಮೀಟಿಂಗ್ ಟೇಬಲ್ಲನ್ನೂ ಅಳೆಯಿರಿ. ಆಯುಧಪೂಜೆ, ವಿಜಯದಶಮಿಗೆ ವಾರಾಂತ್ಯ ಕೂಡಿ ಬಂದ ವರ್ಷ ನಾಲ್ಕು ದಿನ ಸಿಗುತ್ತದೆ, ಆದರೆ ಆಗ ಸಾಗಿಸುವ ಹುಡುಗರೂ ಊರಿಗೆ ಹೋಗಿರುತ್ತಾರೆ. ಅವರನ್ನು ಕೇಳಿಯೇ ದಿನ ಗೊತ್ತುಮಾಡಿ.

ಆಷಾಢ, ರಾಹುಕಾಲ ಎಂದರೆ ಏನು ಮಾಡುವುದು? ಪೂಜೆ ಮಾಡಬಹುದೇ?

ನಂಬುವವರ ಮನಸ್ಸಿಗೆ ಸಮಾಧಾನವಾಗುವಂತೆ ಹೊಂದಿಸಿಕೊಳ್ಳಲು ಹೆಚ್ಚಿನ ಖರ್ಚೇನಿಲ್ಲ. ಶುಕ್ರವಾರದ ರಾಹುಕಾಲ ಬೆಳಿಗ್ಗೆ 10:30ರಿಂದ 12, ಸಂಜೆ ಶುರು ಮಾಡುವವರಿಗೆ ಅಡ್ಡಿಯಿಲ್ಲ. ಸೋಮವಾರದ್ದು 7:30ರಿಂದ 9. ಬೇಕೆನ್ನುವವರು ಒಂಬತ್ತು ದಾಟಿದ ಮೇಲೆ ಹೊಸ ಸೀಟಿನಲ್ಲಿ ಕೂರಲಿ. ಆಷಾಢದಲ್ಲಿ ಬೇಡ ಎಂದು ಹಿರಿಯರು ಹೇಳಿದರೆ, ಗಡುವು ಬಿಗಿಯಾಗಿಲ್ಲದಿದ್ದರೆ, ಶ್ರಾವಣಕ್ಕೆ ಹಾಕಿ.

ಪೂಜೆ ಮಾಡಬಹುದು. ಆದರೆ ಕರ್ಪೂರ, ಧೂಪ ಹಚ್ಚುವ ಮೊದಲು ಕಟ್ಟಡದ ಸೆಕ್ಯುರಿಟಿಗೆ ತಿಳಿಸಿ ಆ ಭಾಗದ ಸ್ಮೋಕ್ ಡಿಟೆಕ್ಟರನ್ನು ಅಷ್ಟು ಹೊತ್ತು ನಿಲ್ಲಿಸಲು ಅನುಮತಿ ಪಡೆಯಿರಿ, ಮುಗಿದ ಕೂಡಲೇ ಮತ್ತೆ ಚಾಲೂ ಮಾಡಿಸಿ. ಇಲ್ಲದಿದ್ದರೆ ಹದಿನಾಲ್ಕು ಮಹಡಿಯ ಜನವೂ ಮೆಟ್ಟಿಲಿಳಿದು ಅಂಗಳದಲ್ಲಿ ನಿಲ್ಲುತ್ತಾರೆ. ಬೂದುಗುಂಬಳವನ್ನು ಕಾರ್ಪೆಟ್ ಮೇಲೆ ಒಡೆಯಬೇಡಿ, ಕುಂಕುಮದ ಕಲೆ ಹೋಗುವುದಿಲ್ಲ.

ಗರ್ಭಿಣಿಯರು, ಅಂಗವಿಕಲ ಸಹೋದ್ಯೋಗಿಗಳ ವಿಷಯದಲ್ಲಿ ಏನು ಗಮನಿಸಬೇಕು?

ಅವರ ಸೀಟನ್ನು ನಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಗುರುತಿಸಿ, ಉಳಿದವರನ್ನು ಅದರ ಸುತ್ತ ಕೂರಿಸಿ. ಕೊನೆಗೆ ಉಳಿದ ಸೀಟನ್ನು ಅವರಿಗೆ ಹೊಂದಿಸಲು ಹೋದರೆ ಯಾವತ್ತೂ ಹೊಂದುವುದಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಪ್ರತಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕು, ನಿಮ್ಮ ಕಂಪನಿಯದನ್ನು ತೆಗೆದು ಓದಿ. ಗಾಲಿಕುರ್ಚಿ ಬಳಸುವವರ ಜೊತೆ ಹೊಸ ಮಹಡಿಯಲ್ಲಿ ಒಮ್ಮೆ ಓಡಾಡಿ ಬನ್ನಿ: ಬಾಗಿಲು ತಾವೇ ತೆರೆಯಬಲ್ಲರೇ, ಪ್ಯಾಂಟ್ರಿಯ ನೀರಿನ ನಲ್ಲಿ ಕೈಗೆ ಎಟಕುತ್ತದೆಯೇ, ಅವರಿಗಾಗಿ ಇರುವ ಶೌಚಾಲಯ ಅದೇ ಮಹಡಿಯಲ್ಲಿದೆಯೇ. ದೃಷ್ಟಿ ಇಲ್ಲದವರಿಗೆ ಹಳೆಯ ಜಾಗದ ಹೆಜ್ಜೆಗಳ ಲೆಕ್ಕ ಬಾಯಿಪಾಠವಾಗಿರುತ್ತದೆ. ಹೊಸ ಜಾಗದಲ್ಲಿ ಅದನ್ನು ಕಟ್ಟಿಕೊಳ್ಳಲು ಜನ ಬರುವ ಮೊದಲೇ, ಸದ್ದಿಲ್ಲದ ಒಂದು ಮಧ್ಯಾಹ್ನ ಅವರಿಗೆ ಬೇಕು. ಆರೋಗ್ಯದ ಕಾರಣಗಳನ್ನು ಪಟ್ಟಿಯ ಷರಾದಲ್ಲಿ ಬಿಡಿಸಿ ಬರೆಯಬೇಡಿ. ‘ಶೌಚಾಲಯಕ್ಕೆ ಹತ್ತಿರ’, ‘ಎತ್ತರ ಬದಲಿಸುವ ಮೇಜು’ ಎಂದಷ್ಟೇ ಇದ್ದರೆ ಸಾಕು.

ಅದೇ ಊರಿನ ಇನ್ನೊಂದು ಕಟ್ಟಡಕ್ಕೆ ಹೋಗುವುದಾದರೆ?

ಆಗ ಕಾಗದಪತ್ರ ಹೆಚ್ಚುತ್ತದೆ. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸಾಮಾನು ರಸ್ತೆಗಿಳಿದರೆ, ಮಾರಾಟಕ್ಕಲ್ಲದಿದ್ದರೂ, ಡೆಲಿವರಿ ಚಲನ್ (ಸಾಮಾನಿನ ವಿವರವಿರುವ ರವಾನೆ ಚೀಟಿ) ಜೊತೆ ಇ-ವೇ ಬಿಲ್ (ಜಿಎಸ್‌ಟಿಯಡಿ ಆನ್‌ಲೈನ್‌ನಲ್ಲಿ ಪಡೆಯುವ ಸಾಗಣೆ ಪತ್ರ) ಬೇಕಾಗುತ್ತದೆ. ರಾಜ್ಯದೊಳಗಿನ ಸಾಗಣೆಗೂ ಇದನ್ನು 2018ರ ಏಪ್ರಿಲ್ 1ರಂದು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ. ನಿಮ್ಮ ಕಚೇರಿ ವಿಶೇಷ ಆರ್ಥಿಕ ವಲಯದಲ್ಲಿದ್ದರೆ ಸುಂಕ ವಿನಾಯಿತಿಯಲ್ಲಿ ತಂದ ಒಂದು ಮಾನಿಟರ್ ಕೂಡ ಅಧಿಕಾರಿಗಳ ಅನುಮತಿಯಿಲ್ಲದೆ ಗೇಟು ದಾಟುವಂತಿಲ್ಲ. ಜಿಎಸ್‌ಟಿ ನೋಂದಣಿಯಲ್ಲಿ ವಿಳಾಸ ಬದಲಾದರೆ 15 ದಿನದೊಳಗೆ, ಕಂಪನಿಯ ನೋಂದಾಯಿತ ಕಚೇರಿಯೇ ಬದಲಾದರೆ 30 ದಿನದೊಳಗೆ ತಿಳಿಸಬೇಕು. ಇವನ್ನು ಫೈನಾನ್ಸ್ ಮತ್ತು ಕಂಪನಿ ಸೆಕ್ರೆಟರಿಗೆ ಒಪ್ಪಿಸಿ, ನೀವು ದಿನಾಂಕ ನೆನಪಿಸುತ್ತಿರಿ.

ಜನರ ಕಡೆಯಿಂದ ನೋಡಿದರೆ ದೊಡ್ಡ ಪ್ರಶ್ನೆ ಪ್ರಯಾಣ. ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡಿಗೆ ಕಚೇರಿ ಹೋಯಿತು ಎನ್ನಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಮೆಟ್ರೊದಲ್ಲೇ ಹೋಗಿ ಸೇರಬಹುದು, ನಿಜ. ಆದರೆ ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ, ಹೀಗೆ ಊರನ್ನೇ ಬಳಸಿ ಎರಡು ಕಡೆ ಬದಲಿಸಬೇಕು. ಕಚೇರಿಯ ಹತ್ತಿರವೇ ಮನೆ ಮಾಡಿ, ಮಗುವನ್ನು ಅಲ್ಲಿನ ಶಾಲೆಗೆ ಸೇರಿಸಿದವರಿಗೆ ಇದು ಬದುಕನ್ನೇ ಅಲುಗಿಸುವ ಬದಲಾವಣೆ. ಪಿನ್‌ಕೋಡ್ ಪ್ರಕಾರ ಉದ್ಯೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಜಾಗ ಆಯ್ಕೆ ಮಾಡುವ ಮುಂಚೆಯೇ ಆಡಳಿತದವರ ಮುಂದಿಡಿ. ಆಯ್ಕೆಯಾದ ಮೇಲೆ ತೋರಿಸಿ ಪ್ರಯೋಜನವಿಲ್ಲ. ರಾತ್ರಿ ಪಾಳಿಯ ಮಹಿಳೆಯರಿಗೆ ಮನೆವರೆಗೂ ಸಾರಿಗೆ ಒದಗಿಸುವುದು ಕಂಪನಿಯ ಹೊಣೆ, ಆದ್ದರಿಂದ ಕ್ಯಾಬ್ ರೋಸ್ಟರನ್ನು ಮೊದಲ ದಿನಕ್ಕೇ ಹೊಸದಾಗಿ ಬರೆಸಿ.

ಎರಡು ವಿಷಯ ಬಹಳ ಸಲ ಮರೆತುಹೋಗುತ್ತವೆ. 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರುವ ಹಕ್ಕಿದೆ. ಹೊಸ ಕಟ್ಟಡದಿಂದ ಅದು ದೂರವಾದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಹಾಗೆಯೇ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಂತೆ 10 ಅಥವಾ ಹೆಚ್ಚು ಉದ್ಯೋಗಿಗಳಿರುವ ಪ್ರತಿ ಕಚೇರಿಗೂ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು, ಅದರ ವಿವರ ಎಲ್ಲರಿಗೂ ಕಾಣುವ ಜಾಗದಲ್ಲಿರಬೇಕು. ಹಳೆಯ ಗೋಡೆಯ ಫಲಕ ಹಳೆಯ ಗೋಡೆಯಲ್ಲೇ ಉಳಿಯದಂತೆ ನೋಡಿಕೊಳ್ಳಿ.

ಸಾಮಾನು ಹೊರುವವರಿಗೆ ನಾವೇನು ವ್ಯವಸ್ಥೆ ಮಾಡಬೇಕು? ಗುತ್ತಿಗೆದಾರ ನೋಡಿಕೊಳ್ಳುವುದಿಲ್ಲವೇ?

ನೋಡಿಕೊಳ್ಳಬೇಕು, ಆದರೂ ನೀವು ನೋಡಿ. ಕೈಗವಸು, ಟ್ರಾಲಿ, ರಾತ್ರಿಯೂಟ, ಕುಡಿಯುವ ನೀರು, ಆ ಮಹಡಿಯ ಶೌಚಾಲಯ ಬಳಸಲು ಅನುಮತಿ. ಎರಡು ಗಂಟೆಗೊಮ್ಮೆ ಟೀ. ಒಬ್ಬರೇ ಎತ್ತಲಾಗದ ಕ್ರೇಟು ಕಂಡರೆ ಅಲ್ಲೇ ತೆರೆಸಿ ಎರಡು ಮಾಡಿಸಿ. ಕಾಗದ ತುಂಬಿದ ಕ್ರೇಟು ಕಲ್ಲಿನಷ್ಟು ಭಾರ. ಕೆಲಸ ಮುಗಿದಾಗ ರಾತ್ರಿ ಒಂದು ಗಂಟೆಯಾಗಿದ್ದರೆ ಅವರು ಮನೆಗೆ ಹೇಗೆ ಹೋಗುತ್ತಾರೆ ಎಂದೂ ಕೇಳಿ.

ಹಳೆಯ ಕಂಪ್ಯೂಟರ್, ಬ್ಯಾಟರಿ ಏನು ಮಾಡುವುದು?

ಗುಜರಿಗೆ ಕೊಡಬೇಡಿ. ಇ-ತ್ಯಾಜ್ಯ ನಿಯಮಗಳು 2022, ಬ್ಯಾಟರಿ ತ್ಯಾಜ್ಯ ನಿಯಮಗಳು 2022 ಇವೆ. ನೋಂದಾಯಿತ ಮರುಬಳಕೆದಾರರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಹಾರ್ಡ್ ಡಿಸ್ಕಿನ ಮಾಹಿತಿ ಅಳಿಸಿದ ದಾಖಲೆ ಐಟಿಯಿಂದ ಬರಲಿ.

ನಮ್ಮದು 15 ಜನರ ಕಚೇರಿ. ಇಷ್ಟೆಲ್ಲ ಬೇಕೇ?

ಒಂದು ಹಾಳೆಯ ಪಟ್ಟಿ, ಒಂದು ನಕ್ಷೆ, ಮುಂಚಿತವಾಗಿ ಪೋರ್ಟ್ ಪರೀಕ್ಷೆ. ಶನಿವಾರ ಎಲ್ಲರೂ ಸೇರಿ ಮಧ್ಯಾಹ್ನಕ್ಕೆ ಮುಗಿಸಬಹುದು. ಊಟ ಕಂಪನಿಯದಾಗಲಿ.

ಸೋಮವಾರ ಬೆಳಿಗ್ಗೆ ನಾನೆಲ್ಲಿರಬೇಕು?

ಲಿಫ್ಟಿನ ಬಾಗಿಲಲ್ಲಿ, ನಕ್ಷೆ ಹಿಡಿದುಕೊಂಡು, ಮೊದಲ ಉದ್ಯೋಗಿ ಬರುವ ಅರ್ಧ ಗಂಟೆ ಮೊದಲಿನಿಂದ. 30 ಜನಕ್ಕೆ ಒಬ್ಬರಂತೆ ಐಟಿಯವರು ಬಣ್ಣದ ಪಟ್ಟಿ ಧರಿಸಿ ಮಹಡಿಯಲ್ಲಿ ಓಡಾಡುತ್ತಿರಲಿ. ಆ ಬೆಳಿಗ್ಗೆ ಯಾರಿಗೂ ಟಿಕೆಟ್ (ಐಟಿಗೆ ಆನ್‌ಲೈನ್ ದೂರು) ಹಾಕಿ ಎನ್ನಬೇಡಿ, ಕೈ ಎತ್ತಿದವರ ಬಳಿಗೆ ನೀವೇ ಹೋಗಿ. ಹತ್ತು ಹನ್ನೊಂದರ ಹೊತ್ತಿಗೆ ಪ್ರತಿ ಬೇಗೂ ಹೋಗಿ ‘ಏನಾದರೂ ಸಿಕ್ಕಿಲ್ಲವೇ?’ ಎಂದು ಕೇಳಿ. ಮಾತು ಕಡಿಮೆ ಆಡುವವರು ಕೇಳದೆ ಹೇಳುವುದಿಲ್ಲ. ಹೊಸ ಮಹಡಿಯ ಫೈರ್ ವಾರ್ಡನ್ ಯಾರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಿ, ಕೆಳಗೆ ಎಲ್ಲಿ ಸೇರಬೇಕು ಎಂಬುದನ್ನೂ ಅದೇ ಸುತ್ತಿನಲ್ಲಿ ಹೇಳಿ ಮುಗಿಸಿ.

ಮೂವ್ ಮುಗಿಯಿತು ಎಂದು ಯಾವಾಗ ಹೇಳಬಹುದು?

ನಾನು ಎರಡು ವಾರ ಕಾಯುತ್ತೇನೆ. ಬುಧವಾರ ಬದಲಿಸಿಕೊಡುತ್ತೇನೆ ಎಂದ ಸೀಟುಗಳು ಬದಲಾಗಿರಬೇಕು. ಬಾಡಿಗೆಯ ಕ್ರೇಟುಗಳನ್ನು ಎಣಿಸಿ ವಾಪಸು ಕಳಿಸಿರಬೇಕು, ಯಾರದೋ ಮೇಜಿನ ಕೆಳಗೆ ಬಿಚ್ಚದೆ ಉಳಿದ ಒಂದೆರಡು ಇದ್ದೇ ಇರುತ್ತವೆ. ಹಳೆಯ ಮಹಡಿಯ ಪ್ರತಿ ಪೆಡಸ್ಟಲ್ಲನ್ನೂ ತೆರೆದು ನೋಡಿ, ಸಿಕ್ಕಿದ್ದನ್ನು ಅವರವರಿಗೆ ಮುಟ್ಟಿಸಿರಬೇಕು. ರಿಸೆಪ್ಷನ್, ಕೊರಿಯರ್ ಡೆಸ್ಕ್ ಮತ್ತು ಫೈರ್ ವಾರ್ಡನ್‌ಗಳ ಕೈಯಲ್ಲಿ ಹೊಸ ನಕ್ಷೆ ಇರಬೇಕು. ರಜೆಯಲ್ಲಿರುವವರ ಪೆಟ್ಟಿಗೆಗಳು ಅವರವರ ಹೊಸ ಮೇಜಿನ ಮೇಲೆ, ಹೆಸರಿನ ಚೀಟಿಯೊಂದಿಗೆ ಇರಬೇಕು. ಇಷ್ಟಾದ ಮೇಲೆ ಪಟ್ಟಿಯ ಕೊನೆಯ ಸಾಲಿನಲ್ಲಿ ದಿನಾಂಕ ಹಾಕಿ ಮುಚ್ಚುತ್ತೇನೆ.